ರೂಮಿನಲ್ಲಿ ನುಡಿಸೋಕೆ ಯಾವ ಗಿಟಾರ್ ಆಂಪ್ ತಗೋಬೇಕು?

ಹೋದ ತಿಂಗಳು ಅಕ್ಕನ ಮಗ ಮನೆಗೆ ಬಂದಿದ್ದ. ಹೆಗಲ ಮೇಲೆ ಹೊಸ ಎಲೆಕ್ಟ್ರಿಕ್ ಗಿಟಾರ್. ಎರಡು ವರ್ಷ ಅಕೂಸ್ಟಿಕ್ ನುಡಿಸಿದ ಮೇಲೆ, ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಲ್ಲಿ ತಾನೇ ಕೊಂಡದ್ದು. ಆದರೆ ಮುಖ ಸಪ್ಪಗಿತ್ತು.

"ಮಾಮ, ಗಿಟಾರೇ ಸರಿ ಇಲ್ಲ ಅನ್ಸುತ್ತೆ. ಹೋಮ್ ಥಿಯೇಟರಿಗೆ ಹಾಕಿದ್ರೆ ಕಂಬಳಿ ಹೊದ್ಕೊಂಡು ಮಾತಾಡಿದಂಗೆ ಕೇಳುತ್ತೆ. ದನಿ ಒಡೆದು ಗರಗರ ಮಾಡೋ ಡಿಸ್ಟಾರ್ಷನ್ ಪೆಡಲ್ ತಂದು ಹಾಕಿದ್ರೆ ಕಿವಿಗೆ ಸೂಜಿ ಚುಚ್ಚಿದಂಗೆ ಆಗುತ್ತೆ" ಅಂದ.

ಗಿಟಾರ್ ಚೆನ್ನಾಗಿಯೇ ಇತ್ತು. ನನ್ನ ಆಂಪಿಗೆ, ಅಂದರೆ ಗಿಟಾರಿನ ಸಣ್ಣ ಸಿಗ್ನಲನ್ನು ಜೋರು ಮಾಡಿ ಸ್ಪೀಕರಿನಲ್ಲಿ ಕೇಳಿಸುವ ಪೆಟ್ಟಿಗೆಗೆ, ಸಿಕ್ಕಿಸಿ ಒಂದು ಕಾರ್ಡ್ ನುಡಿಸಿದೆ. ಹುಡುಗನ ಕಣ್ಣು ಅರಳಿತು. ಅವತ್ತು ಸಂಜೆಯಿಡೀ ನಾವಿಬ್ಬರೂ ಆಂಪ್ ಬಗ್ಗೆಯೇ ಮಾತಾಡಿದೆವು. ದಾವಣಗೆರೆಯಲ್ಲಿ ಇವನ ಹಾಗೆ ಎಲೆಕ್ಟ್ರಿಕ್ ಗಿಟಾರ್ ಹಿಡಿದ ಹುಡುಗ ಹುಡುಗಿಯರು ಈಗ ಸಾಕಷ್ಟು ಇದ್ದಾರೆ. ಗಿಟಾರ್ ಆರಿಸುವಾಗ ಹತ್ತು ಜನರನ್ನು ಕೇಳುತ್ತಾರೆ. ಆಂಪ್ ಮಾತ್ರ ಕೈಗೆ ಸಿಕ್ಕಿದ್ದು ತರುತ್ತಾರೆ. ನನಗೆ ಇದು ಬೇಜಾರಿನ ವಿಷಯ. ಎಲೆಕ್ಟ್ರಿಕ್ ಗಿಟಾರಿನ ದನಿ ಅರ್ಧ ಹುಟ್ಟುವುದು ಆಂಪಿನಲ್ಲೇ.

ಮೊದಲು ಆ ಹೋಮ್ ಥಿಯೇಟರ್ ಕಥೆ ಮುಗಿಸೋಣ. ಗಿಟಾರಿನಲ್ಲಿ ತಂತಿಯ ಅದುರನ್ನು ಹಿಡಿಯುವ ಪಿಕಪ್‌ನಿಂದ ಬರುವ ಸಿಗ್ನಲ್ ತುಂಬಾ ನಾಜೂಕು. ಅದನ್ನು ತೆಗೆದುಕೊಳ್ಳುವ ಕಡೆ ಇಂಪೀಡೆನ್ಸ್, ಅಂದರೆ ಸಿಗ್ನಲಿಗೆ ಒಡ್ಡುವ ತಡೆ, ಜಾಸ್ತಿ ಇರಬೇಕು. ಗಿಟಾರ್ ಆಂಪಿನ ಇನ್‌ಪುಟ್‌ನಲ್ಲಿ ಅದು ಸುಮಾರು 10 ಲಕ್ಷ ಓಮ್ ಇರುತ್ತದೆ. ಟಿವಿಗೆಂದು ಮಾಡಿದ ಹೋಮ್ ಥಿಯೇಟರಿನಲ್ಲಿ ಕೆಲವು ಹತ್ತು ಸಾವಿರ ಓಮ್ ಮಾತ್ರ. ಪಿಕಪ್ ಆ ಭಾರ ಎಳೆಯಲಾರದು. ದನಿಯ ಮೇಲಿನ ಹೊಳಪೆಲ್ಲ ಅಲ್ಲೇ ಸತ್ತುಹೋಗುತ್ತದೆ. ಕಂಬಳಿ ಹೊದ್ದಂತೆ ಕೇಳುವುದು ಅದಕ್ಕೇ.

ಸೂಜಿ ಚುಚ್ಚುವ ಕಾರಣ ಬೇರೆ. ಅದು ಸ್ಪೀಕರಿನದು. ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ಸದ್ದನ್ನು ತಾನೇ ತಗ್ಗಿಸಿಬಿಡುತ್ತದೆ. ಹಾಡು ಕೇಳುವ ಸ್ಪೀಕರ್ ಹಾಗಲ್ಲ, 15 ಸಾವಿರ ಹರ್ಟ್ಸ್ ಆಚೆಗೂ ಬಂದದ್ದನ್ನೆಲ್ಲ ಹೊರಗೆ ಬಿಡುತ್ತದೆ. ಡಿಸ್ಟಾರ್ಷನ್‌ನಲ್ಲಿ ಹುಟ್ಟುವ ಚೂಪು ಸದ್ದೆಲ್ಲ ಹಸಿಹಸಿಯಾಗಿ ಕಿವಿಗೆ ಬಂದು ಬಡಿಯುತ್ತದೆ. ಆದ್ದರಿಂದ ದುಡ್ಡು ಎಷ್ಟೇ ಕಡಿಮೆ ಇರಲಿ, ಗಿಟಾರಿಗೆಂದೇ ಮಾಡಿದ ಒಂದು ಆಂಪ್ ಬೇಕು, ಇಲ್ಲವೇ ಗಿಟಾರ್ ಸ್ಪೀಕರಿನ ಗುಣವನ್ನು ಅನುಕರಿಸುವ ಯಂತ್ರ ಬೇಕು.

ಬ್ಲೂಟೂತ್ ಸ್ಪೀಕರ್ ಸಾಲದಾ ಅಂತ ಕೇಳುವವರೂ ಇದ್ದಾರೆ. ಸಾಲದು. ಬ್ಲೂಟೂತ್‌ನಲ್ಲಿ ದನಿ ಸಾಮಾನ್ಯವಾಗಿ 100 ಮಿಲಿಸೆಕೆಂಡಿಗೂ ಜಾಸ್ತಿ ತಡವಾಗಿ ಬರುತ್ತದೆ. ಅಷ್ಟು ಹೊತ್ತಿನಲ್ಲಿ ಸದ್ದು ಗಾಳಿಯಲ್ಲಿ ಸುಮಾರು 34 ಮೀಟರ್ ಹೋಗುತ್ತದೆ. ಅಂದರೆ ನೀವು ಮನೆಯೊಳಗೆ ಕೂತು ನುಡಿಸಿ, ಆಂಪನ್ನು ಬೀದಿಯ ಆ ತುದಿಯಲ್ಲಿ ಇಟ್ಟ ಹಾಗೆ. ತಾಳ ಹಿಡಿಯೋಕೆ ಆಗುವುದೇ ಇಲ್ಲ. ಹಾಡು ಕೇಳೋಕೆ ತೊಂದರೆ ಇಲ್ಲ, ನುಡಿಸೋಕೆ ಅದು ಆಗದ ಮಾತು.

ವಾಟ್ ನೋಡಿ ಮೋಸ ಹೋಗಬೇಡಿ

ಹುಡುಗ ಕೇಳಿದ ಮೊದಲ ಪ್ರಶ್ನೆ, "ಎಷ್ಟು ವಾಟ್ ಇರಬೇಕು ಮಾಮ?" ನಾನು ಬೇರೆ ಪ್ರಶ್ನೆ ಕೇಳಿದೆ. "ನೀನು ಎಷ್ಟು ಹೊತ್ತಿಗೆ ನುಡಿಸ್ತೀಯ?"

ಅಕ್ಕನ ಮನೆ ಇರುವುದು ಹಳೇಪೇಟೆಯಲ್ಲಿ. ಗೋಡೆಗೆ ಗೋಡೆ ಅಂಟಿದ ಮನೆಗಳು. ಪಕ್ಕದ ಮನೆಯ ಕುಕ್ಕರ್ ಸೀಟಿ ಇವರ ಪಡಸಾಲೆಯಲ್ಲಿ ಕೇಳುತ್ತದೆ. ಹುಡುಗ ಕಾಲೇಜಿನಿಂದ ಬಂದು, ಟ್ಯೂಷನ್ ಮುಗಿಸಿ, ಊಟ ಮಾಡಿ ಗಿಟಾರ್ ಹಿಡಿಯುವಷ್ಟರಲ್ಲಿ ರಾತ್ರಿ 9.30. ಆ ಹೊತ್ತಿಗೆ ಪಕ್ಕದ ಮನೆ ಅಜ್ಜ ಮಲಗಿರುತ್ತಾರೆ. ಕಾನೂನು ಕೂಡ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಜನವಸತಿಯ ಜಾಗದಲ್ಲಿ ಹಗಲಿಗೆ 55 ಡೆಸಿಬಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ನಾವು ಎದುರುಬದುರು ಕೂತು ಮಾತಾಡುವುದೇ ಹತ್ತಿರ ಹತ್ತಿರ 60 ಡೆಸಿಬಲ್. ಇದನ್ನು ಲೆಕ್ಕಕ್ಕೆ ತಗೊಂಡರೆ 10 ವಾಟಿನ ಆಂಪ್ ಕೂಡ ನಿಮ್ಮ ರೂಮಿಗೆ ಜಾಸ್ತಿಯೇ.

ವಾಟ್ ಎರಡರಷ್ಟು ಆದರೆ ಜೋರು ಎರಡರಷ್ಟು ಆಗುವುದಿಲ್ಲ. 10ರಿಂದ 20 ವಾಟಿಗೆ ಹೋದರೆ ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ 'ಸ್ವಲ್ಪ ಜೋರಾಯ್ತು' ಅನ್ನಿಸುವಷ್ಟು. ನಿಜಕ್ಕೂ ಎರಡರಷ್ಟು ಜೋರು ಅನ್ನಿಸಬೇಕಾದರೆ ವಾಟ್ ಸುಮಾರು ಹತ್ತು ಪಟ್ಟು ಆಗಬೇಕು. ಹಾಗಾಗಿ ಅಂಗಡಿಯಲ್ಲಿ "ಇದು 10 ವಾಟ್, ಅದು 20 ವಾಟ್, ಇನ್ನೊಂದು ಸಾವಿರ ಹಾಕಿ ದೊಡ್ಡದೇ ತಗೊಳ್ಳಿ" ಅಂದರೆ ಆ ಸಾವಿರಕ್ಕೆ ಸಿಗುವುದು ಬಹಳ ಕಡಿಮೆ.

ಇದು ನನಗೆ ಅನುಭವದ ಮಾತು. ನಾನು ಮೊದಲು ಕೊಂಡದ್ದು 40 ವಾಟಿನ ಹಳೇ ಆಂಪ್. ಮಾರಿದ ಅಂಗಡಿಯವರು "ಮುಂದೆ ಪ್ರೋಗ್ರಾಂಗೂ ಆಗುತ್ತೆ" ಅಂದಿದ್ದರು. ನಾನಿದ್ದದ್ದು ನಿಟ್ಟುವಳ್ಳಿಯ ಬಾಡಿಗೆ ಮನೆಯ ಮಹಡಿಯಲ್ಲಿ. ವಾಲ್ಯೂಮ್ ಗುಂಡಿ ಒಂದರ ಗುರುತು ಮುಟ್ಟುವ ಮೊದಲೇ ಕೆಳಗಿನಿಂದ ಓನರ್ ಅಮ್ಮ ಕೂಗುತ್ತಿದ್ದರು. ಒಂದಕ್ಕಿಂತ ಕೆಳಗೆ ಇಟ್ಟರೆ ದನಿ ಒಣಗಿದ ಸೌದೆಯ ಹಾಗೆ. ಬಾಸ್ ಇಲ್ಲ, ಮೈ ಇಲ್ಲ. ಆಗ ನನಗೆ ಕಾರಣ ಗೊತ್ತಿರಲಿಲ್ಲ. ಸದ್ದು ಮೆಲ್ಲಗಾದಷ್ಟೂ ನಮ್ಮ ಕಿವಿಗೆ ಕೆಳಗಿನ ಸ್ವರಗಳು ಕಡಿಮೆ ಕೇಳುತ್ತವೆ. 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ಇದನ್ನು ಅಳೆದು ತೋರಿಸಿದ್ದರು. ಒಂದು ವರ್ಷ ಆ ಆಂಪ್ ಮಂಚದ ಕೆಳಗೆ ಇತ್ತು. ಆ ಒಂದು ವರ್ಷ ನನ್ನ ಕಲಿಕೆಯೂ ಅಲ್ಲೇ ನಿಂತಿತ್ತು. ಕೊನೆಗೆ ಗಣೇಶನ ಹಬ್ಬಕ್ಕೆ ಆರ್ಕೆಸ್ಟ್ರಾದಲ್ಲಿ ನುಡಿಸುವ ಗೆಳೆಯನಿಗೆ ಕೊಟ್ಟೆ. ಅವನ ಕೈಯಲ್ಲಿ ಅದು ಚೆನ್ನಾಗಿ ಹಾಡಿತು. ಬಯಲಲ್ಲಿ ನುಡಿಸುವವರಿಗೆ ಮಾಡಿದ ವಸ್ತುವನ್ನು ನಾನು ರೂಮಿಗೆ ತಂದಿದ್ದೆ ಅಷ್ಟೇ.

ಅದಕ್ಕೇ ನಾನು ಯಾರಿಗೇ ಹೇಳಿದರೂ ಮೊದಲು ಕೇಳುವುದು ಇಷ್ಟು: ಕಡಿಮೆ ವಾಲ್ಯೂಮಿನಲ್ಲಿ ಇದರ ದನಿ ಹೇಗಿದೆ? ಹೆಡ್‌ಫೋನ್ ಹಾಕಿದರೆ ಹೇಗಿದೆ? ಈ ಎರಡು ಸರಿ ಇದ್ದರೆ ಉಳಿದದ್ದು ಆಮೇಲಿನ ಮಾತು.

ಸ್ಪೀಕರ್ ಎಷ್ಟು ಇಂಚು

ವಾಟ್ ಬಿಟ್ಟು ಸ್ಪೀಕರ್ ನೋಡಿ. ಗಿಟಾರಿನ ದಪ್ಪ ತಂತಿಯ ಸ್ವರ ಸುಮಾರು 82 ಹರ್ಟ್ಸ್. ಅಷ್ಟು ಕೆಳಗಿನ ಸ್ವರ ಹೊರಡಿಸಲು ಸ್ಪೀಕರ್ ಗಾಳಿಯನ್ನು ಚೆನ್ನಾಗಿ ತಳ್ಳಬೇಕು. 3 ಇಂಚಿನ ಸ್ಪೀಕರ್ ತಳ್ಳಲಾರದು. 6 ಇಂಚು ಮಟ್ಟಸ. 8 ಇಂಚಿಗೆ ಬಂದರೆ ದನಿಗೆ ಮೈ ಬರುತ್ತದೆ. ಡಬ್ಬಿಯ ಗಾತ್ರವೂ ಅಷ್ಟೇ ಮುಖ್ಯ. ಅದೇ ಸ್ಪೀಕರನ್ನು ದೊಡ್ಡ ಮರದ ಪೆಟ್ಟಿಗೆಗೆ ಹಾಕಿದರೆ ಬೇರೆಯೇ ದನಿ. ಈಗಿನ ಕೆಲವು ಪುಟ್ಟ ಆಂಪ್‌ಗಳು ಒಳಗಿನ ಸರ್ಕ್ಯೂಟಿನಿಂದಲೇ ಬಾಸ್ ಎತ್ತಿ ಕೊಡುತ್ತವೆ. ಅವನ್ನು ಇಂಚು ನೋಡಿ ಅಳೆಯೋಕೆ ಆಗದು, ಕಿವಿಯಿಂದಲೇ ಕೇಳಬೇಕು.

ಗುಂಡಿ ತಿರುಗಿಸುವ ಸಾದಾ ಆಂಪ್

ಮೊದಲ ಆಂಪ್ ಕೊಳ್ಳುವವರಿಗೆ ನನ್ನ ಮನಸ್ಸು ಹೋಗುವುದು ಇದರ ಕಡೆಗೆ. ಫೆಂಡರ್ ಫ್ರಂಟ್‌ಮನ್ 10ಜಿ, ಮಾರ್ಷಲ್ ಎಂಜಿ10, ಆರೆಂಜ್ ಕ್ರಶ್ 12. ಮೂರೂ ಹೆಚ್ಚುಕಮ್ಮಿ ಒಂದೇ ಜಾತಿ. 10-12 ವಾಟ್, 6ರಿಂದ 6.5 ಇಂಚಿನ ಸ್ಪೀಕರ್, ಒಂದು ಹೆಡ್‌ಫೋನ್ ತೂತು.

ದನಿ ಮಾತ್ರ ಒಂದೇ ಅಲ್ಲ. ಫೆಂಡರಿನ ಕ್ಲೀನ್ ಟೋನ್, ಅಂದರೆ ಡಿಸ್ಟಾರ್ಷನ್ ಇಲ್ಲದ ದನಿ, ಬೆಳಗಿನ ಬಿಸಿಲಿನ ಹಾಗೆ. ತಿಳಿ, ಸ್ವಲ್ಪ ಚೂಪು. ಸಿನಿಮಾ ಹಾಡಿನ ಆರ್ಪೆಜಿಯೊ (ಕಾರ್ಡಿನ ಸ್ವರಗಳನ್ನು ಒಂದೊಂದಾಗಿ ಬಿಡಿಸಿ ನುಡಿಸುವುದು), ಮೆಲೋಡಿ ನುಡಿಸುವವರಿಗೆ ಇದು ಹೇಳಿ ಮಾಡಿಸಿದ್ದು. ಅದರ ಡಿಸ್ಟಾರ್ಷನ್ ನನಗೆ ಅಷ್ಟಾಗಿ ಹಿಡಿಸುವುದಿಲ್ಲ, ಜೇನುಹುಳ ಗುಂಯ್‌ಗುಟ್ಟಿದಂತೆ ಇರುತ್ತದೆ. ಮಾರ್ಷಲ್‌ನಲ್ಲಿ ಕ್ಲೀನ್ ಮತ್ತು ಓವರ್‌ಡ್ರೈವ್ (ಡಿಸ್ಟಾರ್ಷನ್‌ನದ್ದೇ ಒಂದು ಬಗೆ) ಎರಡು ಬೇರೆ ಚಾನೆಲ್. ಎರಡಕ್ಕೂ ಬೇರೆ ಬೇರೆ ವಾಲ್ಯೂಮ್ ಇರುವುದು ಬಹಳ ಅನುಕೂಲ. ರಾಕ್ ರಿಫ್ ನುಡಿಸುವವರು ಇದರ ಕಡೆ ವಾಲುತ್ತಾರೆ. ಆರೆಂಜ್‌ನಲ್ಲಿ ಟ್ರೆಬಲ್ (ಮೇಲಿನ ಸ್ವರ), ಮಿಡ್ (ನಡುವಿನದು), ಬಾಸ್ (ಕೆಳಗಿನದು) ಮೂರೂ ಗುಂಡಿಗಳಿವೆ. ಈ ಮಿಡ್ ಗುಂಡಿ ದೊಡ್ಡ ವಿಷಯ. ಗಿಟಾರಿನ ದನಿ ಇರುವುದೇ ಮಿಡ್‌ನಲ್ಲಿ. ಅದನ್ನು ಕೈಯಲ್ಲಿ ಹಿಡಿದು ಏರಿಸಿ ಇಳಿಸಿ ಕಲಿತ ಹುಡುಗನಿಗೆ ಮುಂದೆ ಯಾವ ಆಂಪ್ ಸಿಕ್ಕರೂ ದನಿ ತೆಗೆಯುವುದು ಗೊತ್ತಾಗುತ್ತದೆ. ಇನ್ನೂ ಸ್ವಲ್ಪ ದುಡ್ಡಿದ್ದರೆ ಇದರದ್ದೇ ದೊಡ್ಡಣ್ಣ ಕ್ರಶ್ 20ಆರ್‌ಟಿ ಇದೆ. 8 ಇಂಚಿನ ಸ್ಪೀಕರ್, ರಿವರ್ಬ್ (ದೊಡ್ಡ ಹಾಲಿನಲ್ಲಿ ನುಡಿಸಿದಂಥ ಗುಂಗು), ಟ್ಯೂನರ್ ಒಳಗೇ ಇರುತ್ತವೆ. ಸಾದಾ ಆಂಪ್‌ಗಳ ಪೈಕಿ ನನಗೆ ಅತ್ಯಂತ ಇಷ್ಟವಾದದ್ದು ಇದೇ.

ನಮ್ಮ ದೇಶದ ಸ್ಟ್ರೇಂಜರ್, ಪಾಲ್ಕೋ ಆಂಪ್‌ಗಳನ್ನೂ ಮರೆಯಬೇಡಿ. ಬೆಲೆ ಸಾಮಾನ್ಯವಾಗಿ ಕೆಳಗೇ ಇರುತ್ತದೆ. ಗಿಟಾರ್, ಮೈಕ್, ಕೀಬೋರ್ಡ್ ಎಲ್ಲಕ್ಕೂ ಆಗಲಿ ಅಂತ ಮಾಡಿದ ಮಾದರಿಗಳು ಇವುಗಳಲ್ಲಿ ಜಾಸ್ತಿ. ಅಣ್ಣ ಗಿಟಾರ್, ತಂಗಿ ಹಾಡು ಅನ್ನುವ ಮನೆಗೆ ಅದು ಒಳ್ಳೆಯದೇ. ಆದರೆ ಎಲ್ಲಕ್ಕೂ ಆಗುವ ಸ್ಪೀಕರ್ ಅಂದರೆ ಮೇಲಿನ ಸದ್ದನ್ನೂ ಹೊರಗೆ ಬಿಡುವ ಸ್ಪೀಕರ್. ಡಿಸ್ಟಾರ್ಷನ್ ಹಾಕಿದರೆ ಮತ್ತೆ ಅದೇ ಸೂಜಿ. ಕ್ಲೀನ್ ಮಾತ್ರ ನುಡಿಸುವವರು ಧೈರ್ಯವಾಗಿ ತಗೋಬಹುದು.

ಸಾದಾ ಆಂಪಿನ ಇನ್ನೊಂದು ಗುಣ ನಮ್ಮಂಥ ಊರಿಗೆ ಬಹಳ ಬೇಕಾದದ್ದು. ಇದು ಕೆಟ್ಟರೆ ಇಲ್ಲೇ ರಿಪೇರಿ ಆಗುತ್ತದೆ. ಕಡಿಮೆ ಬೆಲೆಯ ಆಂಪ್‌ಗಳೊಳಗೆ ಬಹಳ ಸಲ ಟಿಡಿಎ 2030 ತರಹದ ಒಂದು ಚಿಪ್, ಒಂದು ಟ್ರಾನ್ಸ್‌ಫಾರ್ಮರ್, ಕೆಲವು ಕೆಪಾಸಿಟರ್ ಇರುತ್ತವೆ. ಟೇಪ್‌ರೆಕಾರ್ಡರ್ ಕಾಲದಿಂದ ಸೋಲ್ಡರಿಂಗ್ ಹಿಡಿದ ಮೆಕ್ಯಾನಿಕ್‌ಗಳಿಗೆ ಇವೆಲ್ಲ ಕೈತುತ್ತು. ಕೇಬಲ್ ಎಳೆದೂ ಎಳೆದೂ ಜ್ಯಾಕಿನ ಸೋಲ್ಡರ್ ಬಿಡುವುದು, ಗುಂಡಿ ಕರಕರ ಅನ್ನುವುದು, ಹೆಚ್ಚಾಗಿ ಬರುವ ಕಾಯಿಲೆ ಇವೆರಡೇ. ಎರಡಕ್ಕೂ ಬೆಂಗಳೂರಿಗೆ ಹೋಗಬೇಕಿಲ್ಲ.

ಸೆಲ್ ಹಾಕುವ ಪುಟ್ಟ ಆಂಪ್

ಮಾಳಿಗೆಯ ಮೇಲೆ ಕೂತು ನುಡಿಸುವ ಸುಖ ಗೊತ್ತಿದ್ದವರಿಗೆ ಇದು. ಬೇಸಿಗೆಯಲ್ಲಿ ನಮ್ಮೂರ ಮನೆಯೊಳಗೆ ಕೂರೋಕೆ ಆಗಲ್ಲ, ಅಲ್ವಾ? ಕರೆಂಟ್ ಹೋದರೂ ನಿಲ್ಲಿಸಬೇಕಿಲ್ಲ.

ಬಾಸ್ (Boss) ಕಂಪನಿಯ ಕಟಾನಾ ಮಿನಿ 7 ವಾಟ್, 4 ಇಂಚಿನ ಸ್ಪೀಕರ್. ಎಎ ಅಳತೆಯ 6 ಸೆಲ್ ಹಾಕಬೇಕು. ಕ್ಲೀನ್, ಕ್ರಂಚ್, ಬ್ರೌನ್ ಅಂತ ಮೂರು ದನಿ, ಜೊತೆಗೆ ದನಿಯನ್ನು ಮರುಕಳಿಸುವ ಡಿಲೇ. ಅಷ್ಟು ಪುಟ್ಟ ಡಬ್ಬಿಯಿಂದ ಆ ದನಿ ಬರುವುದು ನೋಡಿ ನನಗೆ ಈಗಲೂ ಆಶ್ಚರ್ಯ. ಸೆಲ್ ಸುಮಾರು 7 ತಾಸು ಬರುತ್ತದೆ. ದಿನಾ ಒಂದು ತಾಸು ನುಡಿಸುವವರಿಗೆ ವಾರಕ್ಕೆ 6 ಸೆಲ್ ಅಂದರೆ ಕೈ ಸುಡುತ್ತದೆ. ಅಡಾಪ್ಟರ್ ಬೇರೆ ಕೊಳ್ಳಬೇಕು, ಅದನ್ನೂ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.

ರೋಲ್ಯಾಂಡ್ ಮೈಕ್ರೋ ಕ್ಯೂಬ್ ಜಿಎಕ್ಸ್ 3 ವಾಟ್, 5 ಇಂಚು. ಸೆಲ್ 25 ತಾಸಿನವರೆಗೂ ಬರುತ್ತದೆ ಅಂತ ಕಂಪನಿ ಹೇಳುತ್ತದೆ. 8 ಬಗೆಯ ದನಿ ಇದೆ. ಗಟ್ಟಿಮುಟ್ಟು. ಬ್ಲ್ಯಾಕ್‌ಸ್ಟಾರ್ ಫ್ಲೈ 3 ಇನ್ನೂ ಪುಟ್ಟದು, 3 ವಾಟ್, 3 ಇಂಚು. ಟೇಬಲ್ ಮೇಲೆ ಇಟ್ಟುಕೊಂಡು ಸುಮ್ನೆ ಸ್ಕೇಲ್ ತಿರುವೋಕೆ ಚೆಂದ. ಅದೊಂದನ್ನೇ ನಂಬಿ ಕೂತರೆ ಬಾಸ್ ಇಲ್ಲದ ದನಿ ಬೇಗ ಬೇಸರ ತರಿಸುತ್ತದೆ.

ಅಡಾಪ್ಟರ್ ವಿಷಯದಲ್ಲಿ ಒಂದು ಎಚ್ಚರ. ಬಾಸ್ ಕಂಪನಿಯ ಇಂಥ ಪುಟ್ಟ ಆಂಪ್, ಪೆಡಲ್‌ಗಳ 9 ವೋಲ್ಟ್ ಪಿನ್ನಿನಲ್ಲಿ ನಡುವೆ ಮೈನಸ್, ಹೊರಗೆ ಪ್ಲಸ್. ಮನೆಯಲ್ಲಿರುವ ಬೇರೆ ಅಡಾಪ್ಟರ್‌ಗಳಲ್ಲಿ ಹೆಚ್ಚಾಗಿ ಇದು ಉಲ್ಟಾ. ಪಿನ್ ಹೊಂದಿತು ಅಂತ ಹಾಕಿದರೆ ಆಂಪ್ ಹೋಗಬಹುದು. ಅಡಾಪ್ಟರ್ ಮೇಲೆ ಪುಟ್ಟ ಚಿತ್ರ ಇರುತ್ತದೆ, ನೋಡಿ ಹಾಕಿ.

ಮಾಡೆಲಿಂಗ್ ಆಂಪ್

ಒಳಗೆ ಕಂಪ್ಯೂಟರ್ ಚಿಪ್ ಕೂತು ಬೇರೆ ಬೇರೆ ಆಂಪ್‌ಗಳ ದನಿಯನ್ನು ಅನುಕರಿಸುವ ಬಗೆ ಇದು. ಫೆಂಡರ್ ಮಸ್ಟಾಂಗ್ ಎಲ್‌ಟಿ25ರಲ್ಲಿ 25 ವಾಟ್, 8 ಇಂಚಿನ ಸ್ಪೀಕರ್, 20 ಆಂಪ್‌ಗಳ ದನಿ, ರಿವರ್ಬ್, ಡಿಲೇ ಎಲ್ಲವೂ ಸಿಗುತ್ತವೆ. ಯುಎಸ್‌ಬಿ ತಂತಿಯಿಂದ ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡಬಹುದು. ಪಾಸಿಟಿವ್ ಗ್ರಿಡ್ ಕಂಪನಿಯ ಸ್ಪಾರ್ಕ್ ಮಿನಿ 10 ವಾಟಿನದು. ಚಾರ್ಜ್ ಮಾಡುವ ಬ್ಯಾಟರಿ ಒಳಗೇ ಇದೆ, ಫೋನಿನ ಆಪ್‌ನಿಂದ ದನಿ ಬದಲಿಸಬಹುದು. ಯಮಹಾದ ಟಿಎಚ್‌ಆರ್ ಸರಣಿ ಮನೆಯಲ್ಲಿ ನುಡಿಸುವವರಿಗೆಂದೇ ಮಾಡಿದ್ದು, ಕಡಿಮೆ ವಾಲ್ಯೂಮಿನಲ್ಲಿ ಅದರ ದನಿಗೆ ನಾನು ಸೋತಿದ್ದೇನೆ. ಬೆಲೆ ಮಾತ್ರ ಕಲಿಯುವವರ ಕೈಗೆ ಎಟುಕುವುದಲ್ಲ.

ಈ ಬಗೆಯ ದೊಡ್ಡ ಲಾಭ ಇರುವುದು ಹೆಡ್‌ಫೋನ್‌ನಲ್ಲಿ. ಗಿಟಾರ್ ಸ್ಪೀಕರಿನ ಗುಣವನ್ನೂ ಇವು ಅನುಕರಿಸುವುದರಿಂದ ರಾತ್ರಿ 11 ಗಂಟೆಗೂ ದೊಡ್ಡ ಆಂಪ್ ಮುಂದೆ ನಿಂತ ಹಾಗೆ ಕೇಳುತ್ತದೆ. ಸಾದಾ ಆಂಪ್‌ಗಳ ಹೆಡ್‌ಫೋನ್ ತೂತಿನಲ್ಲಿ ಇದು ಎಲ್ಲ ಮಾದರಿಯಲ್ಲೂ ಅಷ್ಟು ಚೆನ್ನಾಗಿರುವುದಿಲ್ಲ.

ಹಾಗಾದರೆ ಎಲ್ಲರಿಗೂ ಇದನ್ನೇ ಯಾಕೆ ಹೇಳುವುದಿಲ್ಲ? ಬೆಲೆ ಒಂದು ಕಾರಣ. ಇನ್ನೊಂದು ಕಾರಣ ನಾನು ಕಣ್ಣಾರೆ ಕಂಡದ್ದು. ಹೊಸಬರು ಒಂದು ತಾಸು ಕೂತರೆ ಮುಕ್ಕಾಲು ತಾಸು ಪ್ರೀಸೆಟ್ (ಕಂಪನಿ ಮೊದಲೇ ಹಾಕಿಟ್ಟ ದನಿ) ತಿರುಗಿಸುತ್ತಾರೆ. ಕಾರ್ಡ್ ಬದಲಿಸುವಾಗ ಬೆರಳು ಎಡವುತ್ತಿದ್ದರೂ ರಿವರ್ಬ್, ಡಿಲೇ ಸೇರಿ ಅದನ್ನು ಮುಚ್ಚಿಬಿಡುತ್ತವೆ. ಒಂದು ವರ್ಷ ನುಡಿಸಿ ತನಗೆ ಯಾವ ದನಿ ಬೇಕು ಅಂತ ಗೊತ್ತಾದವರ ಕೈಯಲ್ಲಿ ಇದೇ ಆಂಪ್ ಬಂಗಾರ. ಚಿಪ್ ಕೆಟ್ಟರೆ ಮಾತ್ರ ನಮ್ಮೂರಲ್ಲಿ ರಿಪೇರಿ ಕಷ್ಟ, ಸರ್ವಿಸ್ ಸೆಂಟರಿಗೇ ಕಳಿಸಬೇಕು.

ಬಾಸ್ ಕಂಪನಿಯ ಕಟಾನಾ 50 ಈ ಗುಂಪಿನಲ್ಲಿ ದೊಡ್ಡದು. 12 ಇಂಚಿನ ಸ್ಪೀಕರ್, ಆದರೆ ಪವರನ್ನು ಅರ್ಧ ವಾಟಿಗೆ ಇಳಿಸುವ ಸ್ವಿಚ್ ಇದೆ. ರೂಮಿಗೂ ಸೈ, ಕಾಲೇಜು ಡೇ ಸ್ಟೇಜಿಗೂ ಸೈ. ಬ್ಯಾಂಡ್ ಕಟ್ಟಿದವರು, ಚರ್ಚಿನಲ್ಲಿ ವಾರವಾರ ನುಡಿಸುವವರು ಇನ್ನೊಂದಿಷ್ಟು ತಿಂಗಳು ದುಡ್ಡು ಕೂಡಿಸಿ ಇದನ್ನೇ ತಗೊಳ್ಳಲಿ ಅಂತ ನನ್ನ ಆಸೆ.

ಹೆಡ್‌ಫೋನ್ ಪ್ಲಗ್, ಲ್ಯಾಪ್‌ಟಾಪ್

ಹಾಸ್ಟೆಲ್‌ನಲ್ಲಿ, ಪಿಜಿಯಲ್ಲಿ ಇರುವವರಿಗೆ ಸ್ಪೀಕರಿನ ಮಾತೇ ಬೇಡ. ವಾಕ್ಸ್ ಆಂಪ್‌ಪ್ಲಗ್ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಗಿಟಾರಿನ ಜ್ಯಾಕಿಗೇ ಸಿಕ್ಕಿಸಿ, ಎಎಎ ಅಳತೆಯ 2 ಸೆಲ್ ಹಾಕಿ, ಇಯರ್‌ಫೋನ್ ಚುಚ್ಚಿದರೆ ಆಯಿತು. ಒಂದೊಂದು ಮಾದರಿಗೆ ಒಂದೊಂದು ದನಿ, ಆದ್ದರಿಂದ ಕ್ಲೀನ್ ಬೇಕೋ ಮೆಟಲ್ ಬೇಕೋ ಮೊದಲೇ ತೀರ್ಮಾನ ಮಾಡಿ.

ಲ್ಯಾಪ್‌ಟಾಪ್ ಇದ್ದರೆ, ಗಿಟಾರನ್ನು ಅದಕ್ಕೆ ಸೇರಿಸುವ ಒಂದು ಆಡಿಯೋ ಇಂಟರ್‌ಫೇಸ್ ತಂದು ಉಚಿತ ಆಂಪ್ ಸಾಫ್ಟ್‌ವೇರ್ ಹಾಕಿಕೊಳ್ಳಬಹುದು. ವಿಂಡೋಸ್‌ನಲ್ಲಿ ಆಸಿಯೋ ಡ್ರೈವರ್ ಹಾಕದಿದ್ದರೆ ದನಿ ತಡವಾಗಿ ಬರುತ್ತದೆ, ಅದನ್ನು ಮರೆಯಬೇಡಿ. ರೆಕಾರ್ಡ್ ಮಾಡುವ ಹುಚ್ಚು ಇರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಲ್ಯಾಪ್‌ಟಾಪ್ ತೆರೆದು, ಸಾಫ್ಟ್‌ವೇರ್ ಎದ್ದು, ಅಪ್‌ಡೇಟ್ ಕೇಳಿ, ಅಷ್ಟರಲ್ಲಿ ನುಡಿಸುವ ಮನಸ್ಸೇ ಆರಿಹೋಗಿರುತ್ತದೆ. ದಿನಾ ಪ್ರಾಕ್ಟೀಸ್ ಮಾಡುವವರಿಗೆ ಸ್ವಿಚ್ ಒತ್ತಿದರೆ ದನಿ ಬರುವ ಪೆಟ್ಟಿಗೆಯೇ ಬೇಕು.

ಹಳೇ ರೇಡಿಯೋಗಳ ಹಾಗೆ ಗಾಜಿನ ವಾಲ್ವ್ ಇರುವ ಆಂಪ್ ಬಗ್ಗೆ ಓದಿ ಆಸೆ ಪಡುವವರಿದ್ದಾರೆ. ದನಿ ಅದ್ಭುತ, ನಿಜ. ಮೊದಲ ಆಂಪ್‌ಗೆ ಅದು ಬೇಡ. ಭಾರ, ಬೆಲೆ, ವಾಲ್ವ್ ಬದಲಿಸುವ ಖರ್ಚು, ಎಲ್ಲವೂ ಜಾಸ್ತಿ.

ಕರೆಂಟು, ಯುಪಿಎಸ್, ಅರ್ಥಿಂಗ್

ಆಂಪ್ ತಂದ ದಿನವೇ 'ಗುಂಯ್' ಅನ್ನುತ್ತದೆ ಅಂತ ವಾಪಸ್ ಕೊಡಲು ಹೊರಟವರನ್ನು ನೋಡಿದ್ದೇನೆ. ಮೊದಲು ಮನೆಯ ಕರೆಂಟ್ ನೋಡಿ. ಹಳೇ ಮನೆಗಳ ಕೆಲವು ಸಾಕೆಟ್‌ನಲ್ಲಿ ಮೂರನೇ ತೂತು ಇರುತ್ತದೆ, ಹಿಂದೆ ಅರ್ಥ್ ತಂತಿಯೇ ಇರುವುದಿಲ್ಲ. ಗಿಟಾರಿನ ತಂತಿ ಮುಟ್ಟಿದಾಗ ಗುಂಯ್ ಸದ್ದು ಕಡಿಮೆಯಾದರೆ ಹೆದರಬೇಕಿಲ್ಲ, ಅದು ಗಿಟಾರಿನ ಸಹಜ ನಡತೆ. ಗಿಟಾರಿನ ತಂತಿ ಮುಟ್ಟಿದಾಗ ಬೆರಳು ಜುಮ್ ಅಂದರೆ ಮಾತ್ರ ಆ ಕ್ಷಣವೇ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕರೆಸಿ. ಇದರಲ್ಲಿ ಸಸಾರ ಬೇಡ, ಜೀವದ ಪ್ರಶ್ನೆ.

ಬೆಸ್ಕಾಂ ಕರೆಂಟ್ ಹೋಗಿ ಯುಪಿಎಸ್ ಮೇಲೆ ಓಡುವಾಗ ಆಂಪ್ ಜೋರಾಗಿ ಗೊರಗೊರ ಅಂದರೆ ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬಹುದು. ಸೈನ್ ವೇವ್ ಇನ್ವರ್ಟರ್‌ನಲ್ಲಿ ಈ ಕಾಟ ಇರುವುದಿಲ್ಲ. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಇರುವ ಗಿಟಾರ್ ಟ್ಯೂಬ್‌ಲೈಟ್, ಫ್ಯಾನ್ ರೆಗ್ಯುಲೇಟರ್ ಹತ್ತಿರ ಹೆಚ್ಚು ಗುಂಯ್‌ಗುಡುತ್ತದೆ. ಕೂರುವ ದಿಕ್ಕು ಬದಲಿಸಿ ನೋಡಿ, ಅರ್ಧ ಕಡಿಮೆ ಆಗುತ್ತದೆ.

ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ಆಂಪ್ ತಂದುಕೊಟ್ಟರೆ ಖುಷಿಪಡಿ, ಆದರೆ ಹಿಂದಿನ ಚೀಟಿ ಓದದೆ ಪ್ಲಗ್ ಹಾಕಬೇಡಿ. ಅಲ್ಲಿ 120 ವೋಲ್ಟ್, ನಮ್ಮಲ್ಲಿ 230. ಚಿತ್ರದುರ್ಗದ ನನ್ನ ಗೆಳೆಯನೊಬ್ಬ ಹೀಗೆ ಬಂದ ಒಳ್ಳೆಯ ಆಂಪನ್ನು ಒಂದೇ ನಿಮಿಷದಲ್ಲಿ ಕಳೆದುಕೊಂಡ. ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ ಎರಡು ದಿನ ರೂಮಿನಲ್ಲಿತ್ತು. ಚೀಟಿಯಲ್ಲಿ 100-240 ಅಂತ ಇದ್ದರೆ ತೊಂದರೆ ಇಲ್ಲ.

ಎಲ್ಲಿ, ಹೇಗೆ ನೋಡಿ ಕೊಳ್ಳುವುದು

ನಮ್ಮೂರ ಸಂಗೀತ ವಾದ್ಯದ ಅಂಗಡಿಗಳಲ್ಲಿ ಹಾರ್ಮೋನಿಯಂ, ತಬಲಾ, ಕೀಬೋರ್ಡ್ ಬೇಕಾದಷ್ಟು ಇರುತ್ತವೆ. ಗಿಟಾರ್ ಆಂಪ್ ಒಂದೋ ಎರಡೋ ಇರಬಹುದು. ಹತ್ತು ಮಾದರಿ ಅಕ್ಕಪಕ್ಕ ಇಟ್ಟು ಕೇಳಬೇಕಾದರೆ 260 ಕಿಲೋಮೀಟರ್ ದೂರದ ಬೆಂಗಳೂರಿಗೇ ಹೋಗಬೇಕು. ಬೇರೆ ಕೆಲಸಕ್ಕೆ ಹೋದಾಗ ಒಂದು ಮಧ್ಯಾಹ್ನ ಇದಕ್ಕೆ ಇಡಿ. ಕೇಳಿದ ಮೇಲೆ ಊರಿನ ಅಂಗಡಿಯಲ್ಲೇ ತರಿಸಿಕೊಡ್ತೀರಾ ಅಂತ ಕೇಳಿ. ಸ್ವಲ್ಪ ಜಾಸ್ತಿ ಆದರೂ ಕೆಟ್ಟಾಗ ಹಿಡಿದುಕೊಂಡು ಹೋಗೋಕೆ ಒಂದು ಬಾಗಿಲು ಇರುತ್ತದೆ. ಆನ್‌ಲೈನ್‌ನಲ್ಲಿ ತರಿಸಿದರೆ ಪೆಟ್ಟಿಗೆ ಬಿಚ್ಚುವುದನ್ನು ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ, ಬಿಲ್ ಜೋಪಾನ.

ಅಂಗಡಿಗೆ ನಿಮ್ಮದೇ ಗಿಟಾರ್, ನಿಮ್ಮದೇ ಹೆಡ್‌ಫೋನ್ ಒಯ್ಯಿರಿ. ಅಲ್ಲಿನ ಹುಡುಗ ವಾಲ್ಯೂಮ್ ಏರಿಸಿ ತೋರಿಸುತ್ತಾನೆ. ಜೋರಿನಲ್ಲಿ ಎಲ್ಲ ಆಂಪೂ ಚೆನ್ನಾಗಿಯೇ ಕೇಳುತ್ತದೆ. ನೀವು ಇಳಿಸಿ, ಮನೆಯಲ್ಲಿ ಮಾತಾಡುವಷ್ಟು ಮೆಲ್ಲಗೆ ಮಾಡಿ ಕೇಳಿ. ಗುಂಡಿ ಶೂನ್ಯದಿಂದ ನಿಧಾನ ಏರಿಸುವಾಗ ದನಿಯೂ ನಿಧಾನ ಏರಬೇಕು. ಏನೂ ಇಲ್ಲದೆ ಥಟ್ಟನೆ ಜೋರಾಗುವ ಆಂಪ್ ರಾತ್ರಿ ನುಡಿಸುವವರಿಗೆ ಶಿಕ್ಷೆ. ಹೆಡ್‌ಫೋನ್ ಚುಚ್ಚಿದಾಗ ಸ್ಪೀಕರ್ ಪೂರ್ತಿ ನಿಲ್ಲಬೇಕು. ಹಳೇದು ಕೊಳ್ಳುವುದಾದರೆ ಎಲ್ಲ ಗುಂಡಿ ತಿರುಗಿಸಿ ಕರಕರ ಕೇಳಿ, ಕೇಬಲ್ ಮೆಲ್ಲಗೆ ಅಲುಗಾಡಿಸಿ, ದಪ್ಪ ತಂತಿ ಜೋರಾಗಿ ನುಡಿಸಿದಾಗ ಸ್ಪೀಕರ್ ಪರಪರ ಅನ್ನುತ್ತದಾ ನೋಡಿ. ಒಳ್ಳೆಯ ಹಳೇ ಆಂಪ್ ಅರ್ಧ ಬೆಲೆಗೆ ಸಿಕ್ಕರೆ ನಾನಂತೂ ಹೊಸದಕ್ಕೆ ಕಾಯುವುದಿಲ್ಲ.

ಅಕ್ಕನ ಮಗನ ಹತ್ತಿರ ಇದ್ದದ್ದು 10 ಸಾವಿರ. ಅವನಿಗೆ ಕಟಾನಾ ಮಿನಿ ಮೇಲೆ ಮನಸ್ಸಿತ್ತು. ಅಡಾಪ್ಟರ್ ಸೇರಿಸಿದರೆ ಕೇಬಲ್‌ಗೆ, ಹೆಡ್‌ಫೋನ್‌ಗೆ ದುಡ್ಡು ಉಳಿಯುತ್ತಿರಲಿಲ್ಲ. ಎರಡು ದಿನ ಯೋಚಿಸಿ ಫ್ರಂಟ್‌ಮನ್ 10ಜಿ ತಗೊಂಡ. ಅವನು ನುಡಿಸುವುದು ಹೆಚ್ಚಾಗಿ ಮೆಲೋಡಿ, ಆರ್ಪೆಜಿಯೊ. ಅವನ ಕೈಗೆ ಆ ತಿಳಿ ದನಿ ಒಪ್ಪುತ್ತದೆ. ಉಳಿದ ದುಡ್ಡಲ್ಲಿ 3 ಮೀಟರಿನ ಒಂದು ಗಟ್ಟಿ ಕೇಬಲ್, ಕಿವಿ ಪೂರ್ತಿ ಮುಚ್ಚುವ ತಂತಿಯ ಹೆಡ್‌ಫೋನ್ ಬಂತು. ಬ್ಲೂಟೂತ್ ಹೆಡ್‌ಫೋನ್ ಬೇಡ ಅಂದಿದ್ದೆ, ಅದೇ ತಡದ ಕಾರಣಕ್ಕೆ.

ಮನೆಗೆ ಹೋಗಿ ನೋಡಿದರೆ ಆಂಪನ್ನು ನೆಲಕ್ಕೇ ಇಟ್ಟಿದ್ದ. ನೆಲಕ್ಕೆ ಇಟ್ಟರೆ ಅದುರು ಗೋಡೆಗೆ, ಗೋಡೆಯಿಂದ ಪಕ್ಕದ ಮನೆಗೆ ಹೋಗುತ್ತದೆ. ದನಿ ನುಡಿಸುವವರ ಮೊಣಕಾಲಿಗೆ ಬಡಿಯುತ್ತದೆ, ಕಿವಿಗೆ ಬರುವುದಿಲ್ಲ. ಹಾಗಾಗಿ ಇನ್ನೂ ಜೋರು ಮಾಡುತ್ತೇವೆ. ಒಂದು ಸ್ಟೂಲ್ ಮೇಲೆ, ಗೋಡೆಯಿಂದ ಒಂದು ಅಡಿ ಮುಂದೆ, ಕಿವಿಯ ಕಡೆ ಸ್ವಲ್ಪ ವಾಲಿಸಿ ಇಟ್ಟೆವು. ಅಕ್ಕ ಒಳಗಿನಿಂದ ಹಳೇ ಕಂಬಳಿ ತಂದು, ನಾಲ್ಕು ಮಡಿಕೆ ಮಾಡಿ ಅದರಡಿ ಹಾಸಿದಳು.